ಅಥೆನ್ಸ್, ರೋಮ್ ಮತ್ತು ನಾಲ್ಕೂಕಾಲಿನ ಬಸ್ಸು

ಕೈ ಎತ್ತುವುದು ನನಗೆ ಬರುವುದಿಲ್ಲ. ತೋಳಿಗೆ ಏನೂ ಆಗಿಲ್ಲ. ಬಸ್ಸಿನ ಮೇಲಿನ ಕಂಬಿ ಹಿಡಿದು ಚಿತ್ರದುರ್ಗದಿಂದ ಹೊಳಲ್ಕೆರೆಯವರೆಗೆ ನಿಂತೇ ಬರುವಷ್ಟು ಗಟ್ಟಿಯಾಗಿದೆ. ಆದರೆ ಹತ್ತು ಜನ ಕುಳಿತ ಕೋಣೆಯಲ್ಲಿ ಒಬ್ಬರು, "ಯಾರಾದ್ರೂ ಏನಾದ್ರೂ ಹೇಳೋದೈತಾ?" ಎಂದು ಕೇಳಿದರೆ ಸಾಕು, ನನ್ನ ಬಲಗೈ ಮಡಿಲಿಗೆ ಇಳಿದು ಪೆನ್ನಿನ ಮುಚ್ಚಳ ತೆಗೆಯುವ, ಹಾಕುವ, ಮತ್ತೆ ತೆಗೆಯುವ ಕೆಲಸದಲ್ಲಿ ತೊಡಗಿಬಿಡುತ್ತದೆ. ಹೇಳುವ ಮಾತು ಇಲ್ಲವೆಂದಲ್ಲ. ಇರುತ್ತದೆ, ಅಲ್ಪವಿರಾಮ ಸಮೇತ ಸಿದ್ಧವಾಗಿಯೇ ಇರುತ್ತದೆ. ಸಭೆ ಮುಗಿದು ಎಲ್ಲರೂ ಟೀ ಲೋಟ ಇಟ್ಟು ಎದ್ದುಹೋದ ಮೇಲೆ ಆ ವಾಕ್ಯ ನನ್ನ ಜೊತೆ ಬಸ್ಸು ಹತ್ತುತ್ತದೆ. ಊರು ತಲುಪುವವರೆಗೂ ನೆಮ್ಮದಿಯಾಗಿ ಕೂರಲು ಬಿಡುವುದಿಲ್ಲ.

ಇಂಥ ನಾನು ಬದುಕಿಗಾಗಿ ಮಾಡುವ ಕೆಲಸವೆಂದರೆ, ಕೈ ಎತ್ತಿ ಊರನ್ನಾಳಿದವರ ಬಗ್ಗೆ ಪಾಠ ಹೇಳುವುದು. ಹೊಸದುರ್ಗದ ಕಡೆಯ ಒಂದು ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಅಥೆನ್ಸಿನ ಸಭೆಯಲ್ಲಿ ಸಾರುವವನೊಬ್ಬ ಎದ್ದು ನಿಂತು, ಮಾತಾಡುವವರು ಯಾರಿದ್ದೀರಿ ಎಂದು ಕೂಗುತ್ತಿದ್ದನಂತೆ. ಆಗ ಚಮ್ಮಾರನೂ ಮಾತಾಡಬಹುದಿತ್ತು, ಹಡಗಿನ ಮಾಲೀಕನೂ ಮಾತಾಡಬಹುದಿತ್ತು. ಸಭೆಗೆ ಬರದೆ ಸಂತೆಯಲ್ಲಿ ಹರಟುತ್ತ ನಿಂತವರನ್ನು ಕೆಂಪು ಬಣ್ಣದಲ್ಲಿ ಅದ್ದಿದ ಹಗ್ಗ ಹಿಡಿದು ಅಟ್ಟಿಕೊಂಡು ಬರುತ್ತಿದ್ದರಂತೆ. ಬಟ್ಟೆಗೆ ಕೆಂಪು ತಾಗಿದವನ ಸೋಮಾರಿತನ ಊರಿಗೆಲ್ಲ ಗೊತ್ತಾಗುತ್ತಿತ್ತು. ಇದನ್ನು ಪಾಠ ಮಾಡುವಾಗ ಪ್ರತಿ ವರ್ಷವೂ ಒಮ್ಮೆ ನನ್ನ ಸೀರೆಯ ಅಂಚನ್ನು ನೋಡಿಕೊಳ್ಳುತ್ತೇನೆ.

ನನಗೆ ಒಂದು ನೆಪವಿದೆ, ಅದೂ ಇತಿಹಾಸದಿಂದಲೇ ಸಿಕ್ಕಿದ್ದು. ಅಥೆನ್ಸಿನಲ್ಲಿ ಮೆಟಿಕ್ ಎಂಬ ಒಂದು ವರ್ಗದ ಜನರಿದ್ದರು. ಹೊರಗಿನಿಂದ ಬಂದು ಅಲ್ಲೇ ನೆಲೆಸಿದವರು. ದುಡಿಯುತ್ತಿದ್ದರು, ತೆರಿಗೆ ಕಟ್ಟುತ್ತಿದ್ದರು, ಯುದ್ಧ ಬಂದರೆ ಹೋಗಿ ಹೊಡೆದಾಡುತ್ತಿದ್ದರು. ಸಭೆಯಲ್ಲಿ ಮಾತ್ರ ಅವರಿಗೆ ಬಾಯಿ ಇರಲಿಲ್ಲ. ಅತಿಥಿ ಉಪನ್ಯಾಸಕರನ್ನು ಕಂಡಾಗಲೆಲ್ಲ ನನಗೆ ಅವರ ನೆನಪಾಗುತ್ತದೆ. ಅತಿಥಿ ಎಂಬ ಪದದಲ್ಲಿ ಎಷ್ಟೊಂದು ಉಪಚಾರವಿದೆ. ಊಟವಾಯಿತೇ ಎಂದು ಕೇಳುವವರು ಮಾತ್ರ ಯಾರೂ ಇಲ್ಲ. ನಮ್ಮ ಕಾಲೇಜಿನಲ್ಲಿ ಎಲ್ಲೂ ಬರೆದಿಡದ ಒಂದು ಪದ್ಧತಿಯಿದೆ. ವೇಳಾಪಟ್ಟಿಯ ಹಾಳೆ ಮೊದಲು ಕಾಯಂ ಉಪನ್ಯಾಸಕರ ಮೇಜುಗಳನ್ನು ಸುತ್ತಿ ಬರುತ್ತದೆ. ಅವರು ತುಂಬಿ ಬಿಟ್ಟ ಖಾಲಿ ಚೌಕಗಳು ನಮಗೆ. ಈ ವರ್ಷ ನನಗೆ ಸಿಕ್ಕಿದ್ದು ದಿನದ ಕೊನೆಯ ಚೌಕ, ಮೂರೂವರೆಯಿಂದ ನಾಲ್ಕೂವರೆ. ಬಿಸಿಲು ಕಿಟಕಿಯಿಂದ ನೇರ ಬೋರ್ಡಿನ ಮೇಲೆ ಬಿದ್ದು, ನಾನು ಬರೆದದ್ದು ನನಗೇ ಕಾಣದಿರುವ ಹೊತ್ತು.

ಸರಿಯಾಗಿ ನಾಲ್ಕು ಗಂಟೆಗೆ ಹಿಂದಿನ ಬೆಂಚಿನಿಂದ ಐದು ಹುಡುಗಿಯರು ಎದ್ದು, ತಲೆ ತಗ್ಗಿಸಿ, ಒಬ್ಬರ ಹಿಂದೆ ಒಬ್ಬರು ಹೊರಗೆ ಹೋಗುತ್ತಿದ್ದರು. ಅಪ್ಪಣೆ ಕೇಳುತ್ತಿರಲಿಲ್ಲ. ನಾನೂ ಯಾಕೆಂದು ಕೇಳುತ್ತಿರಲಿಲ್ಲ. ಬೇರೆಯವರ ಖಾಸಗಿ ವಿಷಯ ಕೆದಕಬಾರದು ಎಂಬುದು ನನ್ನ ಸಭ್ಯತೆ ಎಂದುಕೊಂಡಿದ್ದೆ. ಆದರೆ ನಾನು ಹಾಜರಿ ಕರೆಯುವುದು ತರಗತಿಯ ಕೊನೆಯಲ್ಲಿ. ಮೊದಲೇ ಕರೆದರೆ ಹೆಸರು ಕೂಗಿಸಿಕೊಂಡು ಜಾರಿಕೊಳ್ಳುವವರಿರುತ್ತಾರೆ ಎಂದು ನಾನೇ ಮಾಡಿಕೊಂಡ ನಿಯಮ. ಹಾಗಾಗಿ ಆ ಐವರ ಹೆಸರಿನ ಮುಂದೆ ದಿನವೂ ಗೈರುಹಾಜರಿಯ ಗುರುತು ಬೀಳುತ್ತಿತ್ತು. ಅರ್ಧ ತರಗತಿಗೆ ಅರ್ಧ ಹಾಜರಿ ಹಾಕಲು ರಿಜಿಸ್ಟರಿನಲ್ಲಿ ಅಂಕಣವಿಲ್ಲ. ಕೆಂಪು ಪೆನ್ನಿನಿಂದ, ಚೌಕದ ಗೆರೆ ದಾಟದಂತೆ, ಬಹಳ ಅಚ್ಚುಕಟ್ಟಾಗಿ ಹಾಕುತ್ತಿದ್ದೆ.

ಪ್ರಾಚೀನ ಗ್ರೀಕ್ ಮತ್ತು ರೋಮನ್ ಆಡಳಿತ ಪದ್ಧತಿಗಳನ್ನು ಹೋಲಿಸಿ ಎಂಬುದು ನಮ್ಮಲ್ಲಿ ಹತ್ತು ಅಂಕದ ಪ್ರಶ್ನೆ. ಇದಕ್ಕೆ ಉತ್ತರ ಬರೆಯುವ ವಿಧಾನ ಎಲ್ಲ ಮಕ್ಕಳಿಗೂ ಗೊತ್ತು. ಹಾಳೆಯ ನಡುವೆ ಸ್ಕೇಲು ಇಟ್ಟು ಒಂದು ಗೆರೆ. ಎಡಕ್ಕೆ ಗ್ರೀಸ್, ಬಲಕ್ಕೆ ರೋಮ್. ಎಡಕ್ಕೆ ನೇರ ಪ್ರಜಾಪ್ರಭುತ್ವ, ಬಲಕ್ಕೆ ಗಣರಾಜ್ಯ. ಎಡಕ್ಕೆ ಚೀಟಿ ಎತ್ತಿ ಆರಿಸಿದ ಐನೂರು ಜನರ ಮಂಡಳಿ, ಬಲಕ್ಕೆ ಅಧಿಕಾರ ಅನುಭವಿಸಿ ಬಂದ ಹಿರಿಯರ ಸೆನೆಟ್. ಆ ಗೆರೆ ಕಂಡರೆ ನನಗೆ ಏನೋ ಕಸಿವಿಸಿ. ಜಗಳವಾಡಿ ಪಾಲಾದ ಮನೆಯ ನಡುವೆ ಎಬ್ಬಿಸಿದ ಗೋಡೆಯಂತೆ, ಆಚೆಯವರು ಈಚೆ ಬರುವಂತಿಲ್ಲ, ಈಚೆಯವರು ಆಚೆ ಇಣುಕುವಂತಿಲ್ಲ.

ನಿಜದಲ್ಲಿ ಅವರೂ ನಮ್ಮಂತೆಯೇ ಒಂದೇ ತಾಪತ್ರಯದಲ್ಲಿದ್ದವರು. ಕುರ್ಚಿಯ ಮೇಲೆ ಯಾರನ್ನಾದರೂ ಕೂರಿಸಲೇಬೇಕು, ಕೂತವನು ಏಳುವುದಿಲ್ಲ. ಇದಕ್ಕೇನು ಮಾಡುವುದು? ಅಥೆನ್ಸಿನವರು ಅದೃಷ್ಟಕ್ಕೆ ಬಿಟ್ಟರು. ಕಲ್ಲಿನಲ್ಲಿ ಸಾಲುಸಾಲಾಗಿ ಸೀಳು ಕೊರೆದು, ಅದರಲ್ಲಿ ಹೆಸರಿನ ತಗಡು ಸಿಕ್ಕಿಸಿ, ಪಕ್ಕದ ಕೊಳವೆಯಿಂದ ಬಿಳಿ ಗುಂಡು ಬಂತೋ ಕಪ್ಪು ಗುಂಡು ಬಂತೋ ನೋಡಿ ಆರಿಸುತ್ತಿದ್ದರು. ಇಡೀ ನಗರಕ್ಕೆ ಒಂದು ದಿನದ ಮಟ್ಟಿಗೆ ಅಧ್ಯಕ್ಷನಾಗುವ ಯೋಗವೂ ಹಾಗೆಯೇ ಬರುತ್ತಿತ್ತು. ಮರುದಿನ ಅವನು ಮತ್ತೆ ಆಲಿವ್ ಮಾರಲು ಹೋಗುತ್ತಿದ್ದ. ರೋಮಿನವರಿಗೆ ಅದೃಷ್ಟದ ಮೇಲೆ ಅಷ್ಟು ವಿಶ್ವಾಸವಿರಲಿಲ್ಲ, ಮನುಷ್ಯರ ಮೇಲೆ ಇನ್ನೂ ಕಡಿಮೆ. ಅವರು ಆರಿಸಿದವರನ್ನು ಜೋಡಿಯಾಗಿ ಕೂರಿಸಿದರು. ಒಂದು ವರ್ಷಕ್ಕೆ ಇಬ್ಬರು ಕಾನ್ಸಲ್‌ಗಳು, ಒಬ್ಬನು ಮಾಡಹೊರಟಿದ್ದಕ್ಕೆ ಇನ್ನೊಬ್ಬನು ಬೇಡ ಎಂದರೆ ಅದು ಅಲ್ಲಿಗೇ ನಿಂತಿತು.

ಈ ಎರಡನೆಯ ಪದ್ಧತಿ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಯಾಕೆಂದರೆ ನಮ್ಮ ಮನೆ ನಡೆಯುವುದು ಹಾಗೆಯೇ. ಚಿತ್ರದುರ್ಗದ ಕೋಟೆಯ ಹತ್ತಿರದ ಎರಡು ಕೋಣೆಯ ಮನೆಯಲ್ಲಿ ನಾನು ಮತ್ತು ಅಮ್ಮ, ಇಬ್ಬರು ಕಾನ್ಸಲ್‌ಗಳು. ನಾನು ಚಪಾತಿ ಎಂದರೆ ಅವಳು ಬೇಡ ಎನ್ನುತ್ತಾಳೆ, ಅವಳು ಮುದ್ದೆ ಎಂದರೆ ನಾನು. ಕೊನೆಗೆ ಇಬ್ಬರೂ ಬೇಡವೆನ್ನದೆ ಉಳಿಯುವುದು ಉಪ್ಪಿಟ್ಟೊಂದೇ. ರೋಮ್ ಅಷ್ಟು ಶತಮಾನ ಬಾಳಿದ್ದು ಹೇಗೆಂದು ವಿದ್ವಾಂಸರು ದಪ್ಪ ಪುಸ್ತಕ ಬರೆದಿದ್ದಾರೆ. ಉಪ್ಪಿಟ್ಟಿನ ಬಗ್ಗೆ ಯೋಚಿಸಿದವರು ಕಡಿಮೆ. ನಾನು ಭಾನುವಾರ ಟಿಪ್ಪಣಿ ಮಾಡಿಕೊಳ್ಳುತ್ತ ಕುಳಿತರೆ ಅಮ್ಮ, "ಎರಡು ಸಾವಿರ ವರ್ಷದ ಹಿಂದಿನೋರ ಪಂಚಾಯ್ತಿ ನಿಂಗ್ಯಾಕೆ? ನಿನ್ ಕಾಲೇಜಿನ ಪಂಚಾಯ್ತಿ ನೋಡ್ಕಾ," ಎನ್ನುತ್ತಾಳೆ. ಅವಳಿಗೆ ಇತಿಹಾಸ ಗೊತ್ತಿಲ್ಲ ಎಂದುಕೊಂಡಿದ್ದೆ.

ಕೊರತೆ ಪಟ್ಟಿ ಸೂಚನಾ ಫಲಕಕ್ಕೆ ಬರಲು ಹದಿನೈದು ದಿನವಿತ್ತು. ಹಾಜರಾತಿ ಸಾಲದವರ ಹೆಸರು ಅದರಲ್ಲಿ ಬರುತ್ತದೆ, ಬಂದವರು ಪರೀಕ್ಷೆಗೆ ಕೂರುವಂತಿಲ್ಲ. ಆ ಮಧ್ಯಾಹ್ನ ನಾನು ಗೆರೆಯ ಎಡಭಾಗದಲ್ಲಿದ್ದೆ. ಅಥೆನ್ಸಿನ ಚೀಟಿ ಎತ್ತುವ ಪದ್ಧತಿಯನ್ನು ಬರಿಯ ಬಾಯಿಮಾತಿನಲ್ಲಿ ಹೇಳಿ ಬೇಸರವಾಗಿ, "ಇಲ್ಲೇ ಒಂದು ಹುದ್ದೆಗೆ ಆರಿಸಿ ನೋಡೋಣ, ಯಾವ ಹುದ್ದೆ ಹೇಳಿ," ಎಂದೆ.

ತಕ್ಷಣ ಎದ್ದವಳು ಮುಬೀನಾ. ಅವಳ ಮನೆಯವರು ಪಾಳೆಯಗಾರರ ಕಾಲದಿಂದ ಪೇಟೆಯಲ್ಲಿ ಬಳೆ ಅಂಗಡಿ ಇಟ್ಟವರು; ಹತ್ತು ತಲೆಮಾರಿನ ಗಿರಾಕಿಗಳ ಜೊತೆ ಆಡಿದ ಮಾತು ಅವಳ ನಾಲಿಗೆಯಲ್ಲಿ ಶೇಖರವಾಗಿದೆ.

"ಪ್ರಿನ್ಸಿಪಾಲರ ಹತ್ರ ಹೋಗೋ ಪೋಸ್ಟು ಮೇಡಂ. ಅದೊಂದಕ್ಕೆ ಯಾರೂ ನಿಲ್ಲಲ್ಲ."

"ಯಾಕೆ ಹೋಗಬೇಕು?"

ಅವಳು ಹಿಂದಿನ ಬೆಂಚಿನ ಕಡೆ ನೋಡಿದಳು. "ಹೇಳೇ ಕರಿಯಮ್ಮ. ಇವರು ಸಿನಿಮಾಕ್ಕೆ ಎದ್ದು ಹೋಗಲ್ಲ ಮೇಡಂ. ಹಾಲುರಾಮೇಶ್ವರದ ಆಚೆ ಇವರ ಹಟ್ಟಿ. ನಾಕೂಕಾಲಿಗೆ ಒಂದೇ ಬಸ್ಸು. ಅದು ಹೋದ್ರೆ ಹೋಯ್ತು."

ಕರಿಯಮ್ಮ ಎಂದರೆ ಆ ಐವರಲ್ಲಿ ಮೊದಲು ಏಳುವವಳು. ಕುರಿ ಸಾಕುವ ಮನೆಯ ಹುಡುಗಿ. ಮೂರು ತಿಂಗಳಲ್ಲಿ ಅವಳ ದನಿಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಕೇಳುವ ಸಂದರ್ಭವೆಂದರೆ ಹಾಜರಿ, ಆ ಹೊತ್ತಿಗೆ ಅವಳು ಬಸ್ಸಿನಲ್ಲಿರುತ್ತಿದ್ದಳು.

"ಪಟ್ಟೀಲಿ ಹೆಸ್ರು ಬಂದ್ರೆ ಪರೀಕ್ಷೆ ಇಲ್ಲಂತೆ," ಎಂದಳು ಅವಳು, ನನ್ನನ್ನು ನೋಡದೆ. "ಪರೀಕ್ಷೆ ಇಲ್ಲ ಅಂದ್ರೆ ನಮ್ಮಪ್ಪ ಕಾಲೇಜು ಸಾಕು ಅಂತಾನೆ. ಅವನದೇನೂ ತಪ್ಪಿಲ್ಲ ಬಿಡ್ರಿ. ದಿನಾ ಹೋಗಿ ಬಂದು ಹೋಗಿಲ್ಲ ಅಂತ ಬರೆಸ್ಕಂಡ್ರೆ ಯಾರ್ ಕೇಳ್ತಾರೆ?"

ನಾನು ಸೀಮೆಸುಣ್ಣ ಕೆಳಗಿಟ್ಟೆ. ಕೆಂಪು ಹಗ್ಗ ತಾಗಿದ ಜಾಗ ಎಲ್ಲಿರಬಹುದೆಂದು ಆ ದಿನ ನನಗೆ ಹುಡುಕಬೇಕಾಗಲಿಲ್ಲ. ಪ್ರಿನ್ಸಿಪಾಲರಿಗೆ ಒಂದು ಮಾತು ಹೇಳಿ ಅವಧಿ ಬದಲಾಯಿಸಿಕೊಳ್ಳಬಹುದಿತ್ತು. ಅದಕ್ಕೂ ಮೊದಲು, ಯಾಕಮ್ಮ ಎದ್ದು ಹೋಗುತ್ತೀರಿ ಎಂದು ಒಂದು ಮಾತು ಕೇಳಬಹುದಿತ್ತು. ಎರಡೂ ಮಾಡದೆ ಅಥೆನ್ಸಿನ ಸಭೆಯನ್ನು ಹೊಗಳುತ್ತ ನಿಂತಿದ್ದೆ. ಆಗಲೂ, ನಾನೇ ಹೋಗಿ ಹೇಳುತ್ತೇನೆ ಎಂಬ ವಾಕ್ಯ ಅಲ್ಪವಿರಾಮ ಸಮೇತ ಸಿದ್ಧವಾಗಿತ್ತು. ಬಾಯಿಂದ ಬಂದದ್ದು ಬೇರೆ.

"ನೀನು ಇಷ್ಟು ಚೆನ್ನಾಗಿ ಮಾತಾಡ್ತೀಯ, ನೀನೇ ಹೋಗಬಹುದಿತ್ತಲ್ಲ?" ಎಂದು ಮುಬೀನಾಳನ್ನು ಕೇಳಿದೆ. ನನ್ನ ತಪ್ಪನ್ನು ಇನ್ನೊಬ್ಬರ ಹೆಗಲಿಗೆ ದಾಟಿಸುವುದರಲ್ಲಿ ನಾನು ಯಾವ ಸೆನೆಟರಿಗೂ ಕಡಿಮೆಯಿಲ್ಲ.

"ಎರಡು ಸಲ ಹೋಗಿದ್ದೆ ಮೇಡಂ. ಬಾಗಿಲ ತನಕ."

ತರಗತಿ ನಕ್ಕಿತು. ಚೀಟಿ ಬರೆಯಲು ನಾನು ಹಾಳೆ ಹರಿಯತೊಡಗಿದಾಗ ಕರಿಯಮ್ಮ ಮೂಲೆಯಲ್ಲಿದ್ದ ಕಡ್ಡಿಪೊರಕೆಯ ಹತ್ತಿರ ಹೋದಳು. ಅವರ ಹಟ್ಟಿಯಲ್ಲಿ ಚೀಟಿ ಇಲ್ಲವಂತೆ, ಕಡ್ಡಿ ಎತ್ತುತ್ತಾರಂತೆ. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿದರೆ ನೆಲಕ್ಕೆ ಗೊಬ್ಬರ. ಎಲ್ಲ ರೈತರಿಗೂ ತಮ್ಮ ಹೊಲಕ್ಕೇ ಮೊದಲು ಮಂದೆ ಬರಬೇಕೆಂಬ ಹಟ. ಆಗ ಕುರಿಯವರು ಒಂದು ಮೋಟು ಕಡ್ಡಿ ಸೇರಿಸಿ ಮುಷ್ಟಿಯಲ್ಲಿ ಹಿಡಿಯುತ್ತಾರೆ. ಮೋಟು ಎಳೆದವನ ಹೊಲ ಮೊದಲು. ಜಗಳವಿಲ್ಲ.

"ಮಂದೆಗೆ ದಾರಿ ಹೇಳೋರನ್ನೂ ಹಂಗೇ ಆರಿಸ್ತಾರಾ?" ಎಂದೆ. ವಿದ್ವತ್ತಿನ ಚಪಲ ಆಗಲೂ ಬಿಡಲಿಲ್ಲ.

"ಅಯ್ಯೋ, ದಾರಿಗೆ ಕಡ್ಡಿ ನಂಬಕ್ಕಾಗ್ತದಾ ಮೇಡಂ? ಎರಡು ಮನೆ ಮಂದೆ ಕೂಡಿ ಹೊಂಟ್ರೆ ಇವತ್ತು ನಮ್ಮಪ್ಪ, ನಾಳೆ ನಮ್ಮಾವ. ಇಬ್ರೂ ಒಂದೇ ದಿನ ದಾರಿ ಹೇಳಿದ್ರೆ ಕುರಿ ಎರಡು ಕಡೆ ಹೋಗ್ತವೆ."

ಯುದ್ಧಕ್ಕೆ ಹೋದಾಗ ರೋಮಿನ ಇಬ್ಬರು ಕಾನ್ಸಲ್‌ಗಳೂ ಹೀಗೆಯೇ ದಿನ ಬಿಟ್ಟು ದಿನ ಸೈನ್ಯ ನಡೆಸುತ್ತಿದ್ದರು. ಇದನ್ನು ತಿಳಿಯಲು ನಾನು ಎಂ.ಎ. ಓದಬೇಕಾಗಿತ್ತು. ಬೋರ್ಡಿನ ಮೇಲಿನ ಗೆರೆಯನ್ನು ಒರೆಸಿಬಿಡಬೇಕೆನ್ನಿಸಿತು. ಒರೆಸಲಿಲ್ಲ, ಪಾಠ ಇನ್ನೂ ಬಾಕಿಯಿತ್ತು.

ಇಪ್ಪತ್ತೊಂದು ಜನಕ್ಕೆ ಇಪ್ಪತ್ತೊಂದು ಕಡ್ಡಿ, ಅದರಲ್ಲಿ ಒಂದು ಮೋಟು. ಕರಿಯಮ್ಮ ತುದಿಗಳನ್ನು ಸಮ ಮಾಡಿ ಮುಷ್ಟಿಯಲ್ಲಿ ಹಿಡಿದು ಬೆಂಚಿನಿಂದ ಬೆಂಚಿಗೆ ನಡೆದಳು. ಹಿಡಿದವರು ಎಳೆಯುವಂತಿಲ್ಲ, ಎಲ್ಲರೂ ಎಳೆದು ಮುಷ್ಟಿಯಲ್ಲಿ ಉಳಿದದ್ದೇ ಅವರ ಪಾಲು. ಇದೂ ಅವರ ಹಟ್ಟಿಯ ನಿಯಮ. ಒಬ್ಬೊಬ್ಬರೂ ಎಳೆದು ಉದ್ದದ ಕಡ್ಡಿ ಬಂದಾಗ ಉಸಿರು ಬಿಡುತ್ತಿದ್ದರು. ಮುಬೀನಾ ತನ್ನದನ್ನು ಜಡೆಗೆ ಸಿಕ್ಕಿಸಿಕೊಂಡಳು. ಇಪ್ಪತ್ತು ಕಡ್ಡಿ ಹೋದ ಮೇಲೆ ಕರಿಯಮ್ಮ ಮುಷ್ಟಿ ಬಿಚ್ಚಿದಳು. ಮೋಟು ಕಡ್ಡಿ ಅವಳ ಅಂಗೈಯಲ್ಲೇ ಉಳಿದಿತ್ತು.

"ಒಬ್ಳನ್ನೇ ಕಳಿಸಬಾರ್ದು," ಎಂದಳು ಮುಬೀನಾ. "ರೋಮಿನೋರ ಥರ ಇಬ್ರು ಹೋಗ್ಲಿ. ಎರಡನೆಯೋರಿಗೆ ಓಟು ಹಾಕಾಣ."

ನಾನು ಹರಿದಿಟ್ಟ ಹಾಳೆಯ ಚೂರುಗಳು ಆಗ ಉಪಯೋಗಕ್ಕೆ ಬಂದವು. ಎಣಿಸಿದೆ. ಇಪ್ಪತ್ತು ಚೀಟಿಗಳಲ್ಲಿ ಮೇಡಂ ಎಂದಿತ್ತು. ಒಂದರಲ್ಲಿ ಮಾತ್ರ ಮುಬೀನಾ ಎಂದಿತ್ತು. ಆ ಕೈಬರಹ ಯಾರದೆಂದು ನನಗೆ ಗೊತ್ತು. ಅಭ್ಯರ್ಥಿ ತನಗೆ ತಾನೇ ಓಟು ಹಾಕಿಕೊಳ್ಳುವುದನ್ನು ತಡೆಯುವ ಕಾನೂನು ರೋಮಿನಲ್ಲಿದ್ದಂತೆ ನಾನು ಓದಿಲ್ಲ. ನಾನು ಚುನಾವಣೆಗೆ ನಿಂತಿರಲಿಲ್ಲ, ನನ್ನ ಹೆಸರು ಮತದಾರರ ಪಟ್ಟಿಯಲ್ಲೂ ಇಲ್ಲ, ನಾನು ಈ ಊರಿನ ಮೆಟಿಕ್ ಎಂದೆಲ್ಲ ಹೇಳಬೇಕೆಂದುಕೊಳ್ಳುವಷ್ಟರಲ್ಲಿ ನಾಲ್ಕು ಹೊಡೆಯಿತು. ಐದು ಹುಡುಗಿಯರು ಎದ್ದು, ತಲೆ ತಗ್ಗಿಸಿ, ಒಬ್ಬರ ಹಿಂದೆ ಒಬ್ಬರು ಹೊರಗೆ ಹೋದರು. ಆ ದಿನ ನಾನು ಹಾಜರಿ ಕರೆಯಲಿಲ್ಲ.

ಮರುದಿನ ಬೆಳಗ್ಗೆ ಬಸ್ಸಿನಲ್ಲಿ ನಾನು ಭಾಷಣ ಸಿದ್ಧಪಡಿಸಿದೆ. ಹೊಳಲ್ಕೆರೆ ನಿಲ್ದಾಣದಲ್ಲಿ ಜನ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿಯುವ ಗದ್ದಲದಲ್ಲಿ ಎರಡನೆಯ ಪ್ಯಾರಾ ಮರೆತುಹೋಯಿತು. ಹೊಸದುರ್ಗ ಬರುವ ಹೊತ್ತಿಗೆ ಮೊದಲನೆಯದೂ ಹೋಯಿತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾವಿಬ್ಬರೂ ಪ್ರಿನ್ಸಿಪಾಲರ ಬಾಗಿಲ ಮುಂದೆ ನಿಂತೆವು. ಅಥೆನ್ಸಿನ ಕಡೆಯಿಂದ ಒಬ್ಬಳು, ರೋಮಿನ ಕಡೆಯಿಂದ ಒಬ್ಬಳು. ಮುಬೀನಾ ಬಂದದ್ದು ಬಾಗಿಲ ತನಕ.

"ಬರ್ರಿ ಮೇಡಂ, ಕುಂತ್ಕಳ್ರಿ," ಎಂದರು ಪ್ರಿನ್ಸಿಪಾಲರು. "ಏನಮ್ಮ, ನಿಂದೇನು?"

ನಾನು ಗಂಟಲು ಸರಿಮಾಡಿಕೊಳ್ಳುವುದರೊಳಗೆ ಕರಿಯಮ್ಮ ಶುರುಮಾಡಿದ್ದಳು.

"ಸಾರ್, ನಮ್ಮೂರಿಗೆ ನಾಕೂಕಾಲಿಗೆ ಒಂದೇ ಬಸ್ಸು. ಹಿಸ್ಟರಿ ಕ್ಲಾಸು ನಾಕೂವರೆಗೆ ಬಿಡ್ತೈತೆ. ಬಸ್ಸು ಮುಂದಕ್ಕೆ ಹೋಗ್ಬೇಕು, ಇಲ್ಲ ಕ್ಲಾಸು ಹಿಂದಕ್ಕೆ ಬರ್ಬೇಕು. ಬಸ್ಸು ನಿಮ್ ಮಾತು ಕೇಳಲ್ಲ. ಕ್ಲಾಸು ಕೇಳ್ತೈತೆ."

ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. ಸಿಟ್ಟು ಬಂತೇನೋ ಎಂದುಕೊಂಡೆ, ಬಂದದ್ದು ನಗು. "ಇದನ್ನ ಇಷ್ಟು ದಿನ ಯಾರೂ ಹೇಳ್ಲೇ ಇಲ್ವಲ್ಲ," ಎಂದರು. ವೇಳಾಪಟ್ಟಿ ತೆಗೆದು ಪೆನ್ಸಿಲ್ಲಿನಿಂದ ಎರಡು ಬಾಣದ ಗುರುತು ಹಾಕಿದರು. ಇತಿಹಾಸ ಬೆಳಗಿನ ಮೊದಲ ಅವಧಿಗೆ ಹೋಯಿತು. ಎರಡು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ರಿಜಿಸ್ಟರ್ ತಿರುವಿದರು. "ಹಿಂದಿಂದಕ್ಕೆ ಏನ್ ಮಾಡಾಣ? ಇಲ್ಲಿ ನೋಡಿದ್ರೆ ಬರೀ ಗೈರು ಐತೆ."

ಕರಿಯಮ್ಮ ನೆಲ ನೋಡಿದಳು. ಅವಳ ದಿನ ಮುಗಿದು ನನ್ನ ದಿನ ಬಂದಿತ್ತು. ಪೆನ್ನಿನ ಮುಚ್ಚಳ ಎಷ್ಟು ಸಲ ತೆಗೆದು ಹಾಕಿದೆನೋ ಗೊತ್ತಿಲ್ಲ. "ಅವರು ಬರುತ್ತಿದ್ದರು ಸರ್," ಎಂದೆ. "ದಿನವೂ ಅರ್ಧ ಗಂಟೆ ಕೂರುತ್ತಿದ್ದರು. ಹಾಜರಿಯನ್ನು ಕೊನೆಗೆ ಕರೆಯುವುದು ನನ್ನ ಅಭ್ಯಾಸ. ಯಾಕೆ ಹೋಗುತ್ತಾರೆಂದು ನಾನು ಒಂದು ಸಲವೂ ಕೇಳಲಿಲ್ಲ. ತಪ್ಪು ನನ್ನದು. ಶನಿವಾರ ಬೆಳಗ್ಗೆ ಹೆಚ್ಚುವರಿ ತರಗತಿ ತೆಗೆದುಕೊಂಡು ಸರಿಮಾಡುತ್ತೇನೆ." ಸಿದ್ಧಪಡಿಸಿದ ಭಾಷಣದಲ್ಲಿ ಇದರ ಒಂದು ಪದವೂ ಇರಲಿಲ್ಲ. ಅವರು ರಿಜಿಸ್ಟರ್ ಮುಚ್ಚಿ, "ತಗೊಳ್ರಿ. ಪಟ್ಟೀಲಿ ಇವರ ಹೆಸ್ರು ಹಾಕಲ್ಲ," ಎಂದರು.

ಕೊರತೆ ಪಟ್ಟಿ ಬಂತು. ಆ ಐದು ಹೆಸರುಗಳು ಅದರಲ್ಲಿರಲಿಲ್ಲ. ಈಗ ನಾನು ಏಳು ಗಂಟೆಯ ಬಸ್ಸಿಗೆ ಓಡುತ್ತೇನೆ. ಮುಂಚೆ ಎಂಟರವರೆಗೆ ನನ್ನದಾಗಿದ್ದ ಬೆಳಗು ಈಗ ಕಾಲೇಜಿನದು. ಅಮ್ಮ ಉಪ್ಪಿಟ್ಟನ್ನು ಡಬ್ಬಿಗೆ ತುಂಬಿ ಕೊಡುತ್ತಾಳೆ, ಬೇಡ ಎನ್ನಲು ಸಮಯವಿಲ್ಲ. ಹಾಜರಿಯನ್ನು ಮೊದಲೇ ಕರೆಯುತ್ತೇನೆ. ಮುಬೀನಾ ಹೆಸರು ಕೂಗಿಸಿಕೊಂಡು ಜಾರಿಕೊಳ್ಳುತ್ತಾಳೆ.

ಆಂತರಿಕ ಪರೀಕ್ಷೆಯಲ್ಲಿ ಅದೇ ಹತ್ತು ಅಂಕದ ಪ್ರಶ್ನೆ ಕೊಟ್ಟೆ. ಇಪ್ಪತ್ತು ಹಾಳೆಗಳಲ್ಲಿ ನಡುವೆ ಗೆರೆಯಿತ್ತು. ಗೆರೆಯಿಲ್ಲದ ಕರಿಯಮ್ಮನ ಹಾಳೆಯಲ್ಲಿ ಮುಕ್ಕಾಲು ಪುಟ ಬರೆದು ಕೊನೆಗೆ ಹೀಗಿತ್ತು: ಅಥೆನ್ಸಿನವರು ಯಾರು ಬೇಕಾದರೂ ಆಳಬಹುದು ಎಂದು ನಂಬಿದ್ದರು. ರೋಮಿನವರು ಯಾರನ್ನೂ ಒಬ್ಬರನ್ನೇ ಬಿಡಬಾರದು ಎಂದು ತಿಳಿದಿದ್ದರು. ಎರಡೂ ಸರಿಯಾಗಿದೆ. ಎರಡು ಕಡೆಯೂ ಹೆಂಗಸರನ್ನು ಕೇಳಿರಲಿಲ್ಲ. ನಾನು ಹತ್ತಕ್ಕೆ ಎಂಟು ಕೊಟ್ಟೆ. ಸೆನೆಟ್ಟಿನ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ, ಅದಕ್ಕೆ ಎರಡು ಕಳೆಯಲೇಬೇಕಾಯಿತು.

ಆದರೆ ಒಂದು ಸಂಶಯ ನನ್ನನ್ನು ಬಹಳ ದಿನ ಕಾಡಿತು. ಮುಷ್ಟಿಯಲ್ಲಿ ಕಡ್ಡಿ ಜೋಡಿಸಿದವರಿಗೆ ಮೋಟು ಯಾವುದೆಂದು ಗೊತ್ತಿರುತ್ತದೆ. ಬೆರಳಿನಿಂದ ಅದೊಂದನ್ನೇ ಬಿಗಿ ಹಿಡಿದರೆ ಯಾರು ಎಳೆದರೂ ಬರುವುದಿಲ್ಲ. ಇಪ್ಪತ್ತು ಜನ ಎಳೆದೂ ಅದು ಅವಳಲ್ಲೇ ಉಳಿಯಿತೆಂದರೆ ಅದೃಷ್ಟವೇ? ಅಥೆನ್ಸಿನ ಕಲ್ಲಿನ ಯಂತ್ರದಲ್ಲಿ ಕೈಚಳಕಕ್ಕೆ ಜಾಗವಿರಲಿಲ್ಲ, ಪೊರಕೆಕಡ್ಡಿಯಲ್ಲಿ ಇದೆ. ಒಂದು ಸಂಜೆ ನಾಲ್ಕೂಕಾಲಿನ ಬಸ್ಸಿನ ಹೊತ್ತಿಗೆ ಅವಳ ಜೊತೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ, ಬೇರೆಯವರ ಖಾಸಗಿ ವಿಷಯ ಕೆದಕುವುದನ್ನು ಹೊಸದಾಗಿ ಕಲಿತ ಉತ್ಸಾಹದಲ್ಲಿ, ಕೇಳಿಯೇಬಿಟ್ಟೆ.

"ಆ ದಿನ ಮೋಟು ಕಡ್ಡೀನ ಬಿಗಿ ಹಿಡ್ಕೊಂಡಿದ್ಯಾ ಕರಿಯಮ್ಮ?"

ಅವಳು ಬಸ್ಸು ಬರುವ ದಿಕ್ಕನ್ನೇ ನೋಡುತ್ತ ಕೇಳಿದಳು. "ನಿಮ್ಗೆ ಓಟು ಬಿದ್ದಾಗ ನೀವ್ಯಾಕೆ ಬೇಡ ಅನ್ನಲಿಲ್ಲ ಮೇಡಂ? ರೋಮಿನೋರಿಗೆ ಬೇಡ ಅನ್ನೋ ಹಕ್ಕಿತ್ತಲ್ಲ?"

ನಾನು ಉತ್ತರ ಜೋಡಿಸುತ್ತಿದ್ದಂತೆ ಅವಳ ಬಸ್ಸು ಬಂತು. ಆ ಉತ್ತರ ಈಗಲೂ ನನ್ನ ಜೊತೆ ದಿನಾ ಏಳರ ಬಸ್ಸು ಹತ್ತುತ್ತದೆ.

ಹೋದ ವಾರ ಸಿಬ್ಬಂದಿ ಸಭೆ. ಮುಂದಿನ ಸೆಮಿಸ್ಟರಿನ ವೇಳಾಪಟ್ಟಿ ಎಲ್ಲರ ಮೇಜನ್ನೂ ಸುತ್ತಿ ಕೊನೆಗೆ ನನ್ನ ಹತ್ತಿರ ಬಂತು. ಖಾಲಿ ಉಳಿದಿದ್ದ ಚೌಕ ಯಾವುದೆಂದು ಹೇಳಬೇಕಿಲ್ಲ. ಪ್ರಿನ್ಸಿಪಾಲರು ಕನ್ನಡಕದ ಮೇಲಿನಿಂದ ನೋಡುತ್ತ, "ಯಾರಾದ್ರೂ ಏನಾದ್ರೂ ಹೇಳೋದೈತಾ?" ಎಂದರು. ನನ್ನ ಬಲಗೈ ಪೂರ್ತಿ ಮೇಲೆ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮಡಿಲಿನಿಂದ ಎದ್ದು, ಮೇಜಿನ ಅಂಚು ದಾಟಿ, ಕಿವಿಯ ಹತ್ತಿರ ಬಂದು, ಜಾರದೇ ಇದ್ದ ಕೂದಲನ್ನು ಸರಿಮಾಡುವಂತೆ ನಟಿಸುತ್ತ ಅಲ್ಲೇ ನಿಂತಿತು.

"ಹೇಳ್ರಿ ಮೇಡಂ," ಎಂದರು ಅವರು.